ನಿಸರ್ಗದಿಂದ ನೇರವಾಗಿ ಬರೆದ ಚಿತ್ರಗಳು: ಚರಿತ್ರಕಾರನ ದೃಷ್ಟಿಯಿಂದ ಒಂದು ವಿಮರ್ಶೆ

ಹಕ್ಕಿ, ಹೂವು, ಬೆಟ್ಟ, ಕಣಿವೆಗಳನ್ನು ಪ್ರತ್ಯಕ್ಷವಾಗಿ ನೋಡಿ ಬರೆದ ಚಿತ್ರಗಳಿಗೆ ಚರಿತ್ರೆಯ ಅಭ್ಯಾಸದಲ್ಲಿ ವಿಶೇಷವಾದ ಮಾನ್ಯತೆಯುಂಟು. ಕವಿಯ ವರ್ಣನೆಯಲ್ಲಿ ಸಂಪ್ರದಾಯದ ಪಾಲು ಹೆಚ್ಚು. ಶಾಸನದ ಮಾತಿನಲ್ಲಿ ಪ್ರಶಂಸೆಯ ಪಾಲು ಹೆಚ್ಚು. ಆದರೆ ಕಣ್ಣೆದುರಿಗಿದ್ದುದನ್ನು ಕಂಡಂತೆಯೇ ಬರೆದ ಚಿತ್ರದಲ್ಲಿ ಇಂತಹ ದೋಷಗಳಿಗೆ ಎಡೆಯಿಲ್ಲವೆಂಬ ಭಾವನೆ ವಿದ್ವಾಂಸರಲ್ಲಿಯೂ ಬೇರೂರಿದೆ. ಈ ಭಾವನೆ ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ನಮ್ಮ ದೇಶದ ಕೆಲವು ಪ್ರಸಿದ್ಧ ಚಿತ್ರಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಈ ಚಿತ್ರಗಳು ಸತ್ಯವನ್ನೇ ಹೇಳುತ್ತವೆ. ಆದರೆ ಅವು ಹೇಳುವುದು ವಸ್ತುವಿನ ಸತ್ಯವನ್ನು. ಸ್ಥಳ, ಕಾಲ, ಮತ್ತು ಬರೆದ ಕೈ ಇವುಗಳ ಸತ್ಯವನ್ನು ಚರಿತ್ರಕಾರನು ಬೇರೆಯಾಗಿಯೇ ಹುಡುಕಬೇಕಾಗುತ್ತದೆ.

ಮೊದಲು ಮೊಗಲ್ ಬಾದಶಹ ಜಹಾಂಗೀರನ ಆಸ್ಥಾನವನ್ನು ನೋಡೋಣ. 1612ರಲ್ಲಿ ಗೋವೆಯಿಂದ ತರಿಸಿದ ಅಪೂರ್ವ ಪ್ರಾಣಿಪಕ್ಷಿಗಳನ್ನು ಕಂಡು ಬೆರಗಾದ ಬಾದಶಹನು, ಅವುಗಳನ್ನು ಮಾತಿನಲ್ಲಿ ವರ್ಣಿಸಿದರೆ ಸಾಲದೆಂದು ಚಿತ್ರಗಳನ್ನೂ ಬರೆಯಿಸಿದನು. ಬಾಬರನು ಪ್ರಾಣಿಗಳ ರೂಪವನ್ನು ವರ್ಣಿಸಿದ್ದರೂ ಚಿತ್ರಕಾರರಿಂದ ಅವನ್ನು ಬರೆಯಿಸಲಿಲ್ಲವೆಂದು ಆತನು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆ ಹಕ್ಕಿಗಳಲ್ಲಿ ಒಂದಾದ ಟರ್ಕಿ ಕೋಳಿಯನ್ನು ಬರೆದ ಉಸ್ತಾದ್ ಮನ್ಸೂರನು 1620ರಲ್ಲಿ ಬಾದಶಹನೊಡನೆ ಕಾಶ್ಮೀರಕ್ಕೆ ಹೋಗಿ, ಅಲ್ಲಿಯ ಹೂವುಗಳಲ್ಲಿ ನೂರಕ್ಕೂ ಹೆಚ್ಚನ್ನು ಚಿತ್ರಿಸಿದನೆಂದು ಅದೇ ಗ್ರಂಥದಿಂದ ತಿಳಿದುಬರುತ್ತದೆ. ಅವುಗಳಲ್ಲಿ ಇಂದಿಗೆ ಉಳಿದಿರುವುದು ತೀರ ಅಲ್ಪ. ಕೆಂಪು ಟ್ಯೂಲಿಪ್ ಹೂವಿನ ಚಿತ್ರವೊಂದು ಬಹು ಪ್ರಸಿದ್ಧವಾಗಿದೆ. ಅದರ ದಳ, ಮೊಗ್ಗು, ಎಲೆಗಳ ರಚನೆ ಸೂಕ್ಷ್ಮವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹೂವು ಕಣಿವೆಯ ಯಾವ ಭಾಗದಲ್ಲಿ, ಎಂತಹ ನೆಲದಲ್ಲಿ, ಯಾವ ಗಿಡಗಳ ನೆರೆಯಲ್ಲಿ ಬೆಳೆದಿತ್ತೆಂಬುದನ್ನು ಚಿತ್ರ ಹೇಳುವುದಿಲ್ಲ. ಕಾಶ್ಮೀರಕ್ಕೆ ಹೋಗಿ ಬರೆದ ಚಿತ್ರದಲ್ಲಿಯೂ ಕಾಶ್ಮೀರವಿಲ್ಲ. ಹೂವು ಮಾತ್ರ ಇದೆ.

ಇದೇ ಲಕ್ಷಣ ಕಲ್ಕತ್ತೆಯ ಇಂಪೆ ಸಂಗ್ರಹದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಯ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶನಾಗಿದ್ದ ಎಲೈಜಾ ಇಂಪೆಯ ಪತ್ನಿ ಮೇರಿ ಇಂಪೆ ತನ್ನ ಮನೆಯ ತೋಟದಲ್ಲಿ ಪ್ರಾಣಿಪಕ್ಷಿಗಳನ್ನು ಸಾಕಿ, 1777ರಿಂದ 1782ರವರೆಗೆ ಪಾಟ್ನಾ ಮೂಲದ ಮೂವರು ಚಿತ್ರಕಾರರಿಂದ ಅವುಗಳ ಚಿತ್ರಗಳನ್ನು ಬರೆಯಿಸಿದಳು. ಶೇಖ್ ಜೈನುದ್ದೀನ್, ಭವಾನಿದಾಸ್, ರಾಮದಾಸ್ ಎಂಬುವರೇ ಆ ಮೂವರು. ಚಿತ್ರಗಳ ಸಂಖ್ಯೆ 300ಕ್ಕೂ ಹೆಚ್ಚು. ಅರ್ಧಕ್ಕಿಂತ ಅಧಿಕವಾದುವು ಹಕ್ಕಿಗಳವು. ಇಂಗ್ಲೆಂಡಿನ ಪಕ್ಷಿಶಾಸ್ತ್ರಜ್ಞ ಜಾನ್ ಲೇಥಮನು ಈ ಸಂಗ್ರಹವನ್ನು ಉಪಯೋಗಿಸಿಕೊಂಡನು. ಹಿಮಾಲಯದ ಮೋನಾಲ್ ಹಕ್ಕಿಯ ಶಾಸ್ತ್ರೀಯ ನಾಮದಲ್ಲಿ ಇಂಪೆಯೆಂಬ ಹೆಸರು ಇಂದಿಗೂ ಉಳಿದಿದೆ. ಚಿತ್ರಕಾರರ ಹೆಸರು ಯಾವ ಹಕ್ಕಿಗೂ ಸೇರಲಿಲ್ಲ.

ಜೈನುದ್ದೀನನ 1777ರ ಒಂದು ಚಿತ್ರವನ್ನು ವಿಮರ್ಶೆಗೆ ತೆಗೆದುಕೊಳ್ಳಬಹುದು. ಬೋರೆಯ ಕೊಂಬೆಯೊಂದರ ಮೇಲೆ ಕಪ್ಪು ತಲೆಯ ಕಬ್ಬಕ್ಕಿ ಕುಳಿತಿದೆ. ಅದೇ ಕೊಂಬೆಯಲ್ಲಿ ಟಸಾರ್ ಜಾತಿಯ ಎರಡು ಪತಂಗಗಳು, ಒಂದು ಕಂಬಳಿಹುಳು ಮತ್ತು ಒಂದು ಗೂಡು ಇವೆ. ಹಿನ್ನೆಲೆ ಬರಿಯ ಬಿಳಿಯ ಕಾಗದ. ಈ ಚಿತ್ರವನ್ನು ನೋಡಿದವರು ಮೊದಲು ಮೆಚ್ಚುವುದು ಗರಿಗಳ ನಯವನ್ನು. ನಮಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ಎರಡು ಸಂಗತಿಗಳು. ಮೊದಲನೆಯದು, ಬೋರೆಯ ಗಿಡ ಇಲ್ಲಿ ಕೇವಲ ಅಲಂಕಾರಕ್ಕಾಗಿ ಬಂದುದಲ್ಲ. ಟಸಾರ್ ಹುಳು ಬೋರೆಯ ಎಲೆಯನ್ನು ತಿಂದು ಬೆಳೆಯುವುದು ನಿಜ; ಆದುದರಿಂದ ಗಿಡ ಮತ್ತು ಹುಳುವಿನ ಸಂಬಂಧವನ್ನು ಬಲ್ಲವರ ತಿಳಿವಳಿಕೆ ಈ ಚಿತ್ರದಲ್ಲಿದೆ. ಎರಡನೆಯದು, ಹುಳು, ಗೂಡು, ಪತಂಗ ಈ ಮೂರೂ ಒಂದೇ ಜೀವಿಯ ಮೂರು ಅವಸ್ಥೆಗಳು. ಹಲವು ವಾರಗಳಲ್ಲಿ ಒಂದಾದ ಮೇಲೊಂದರಂತೆ ನಡೆಯುವ ಬದಲಾವಣೆಯನ್ನು ಚಿತ್ರಕಾರನು ಒಂದೇ ಕ್ಷಣದಲ್ಲಿ ಕೂಡಿಸಿದ್ದಾನೆ. ಹೀಗೆ ಇಲ್ಲಿಯ ಒಂದೊಂದು ವಸ್ತುವೂ ಕಣ್ಣಾರೆ ಕಂಡದ್ದು. ಆದರೆ ಒಟ್ಟು ನೋಟವು ಕಂಡದ್ದಲ್ಲ, ಜೋಡಿಸಿದ್ದು. ಈ ಜೋಡಣೆಯನ್ನು ನಾವು ದೋಷವೆನ್ನುವುದಿಲ್ಲ. ಅದು ತಿಳಿವಳಿಕೆಯ ಫಲ. ಆದರೆ ಕಬ್ಬಕ್ಕಿ, ಬೋರೆ, ಟಸಾರ್ ಹುಳು ಇವು ಮೂರೂ ಆ ವರ್ಷ ಕಲ್ಕತ್ತೆಯ ಒಂದು ತೋಪಿನಲ್ಲಿ ಒಟ್ಟಿಗೆ ಇದ್ದುವೆಂದು ಇದರ ಆಧಾರದಿಂದ ಯಾವನಾದರೂ ಬರೆದರೆ ಅದು ಒಪ್ಪತಕ್ಕ ಮಾತಲ್ಲ.

ದಕ್ಷಿಣ ದೇಶದಲ್ಲಿಯೂ ಇಂತಹ ಕಾರ್ಯ ನಡೆಯಿತು. ಮದ್ರಾಸಿನಲ್ಲಿ ರಾಬರ್ಟ್ ವೈಟನು 1838ರಿಂದ 1853ರವರೆಗೆ ಪ್ರಕಟಿಸಿದ ಸಸ್ಯಚಿತ್ರಗಳ ಮಹಾಗ್ರಂಥದಲ್ಲಿ 2,101 ಫಲಕಗಳಿವೆ. ಅವುಗಳ ಹಿಂದೆ ರಂಗಯ್ಯ ಮತ್ತು ಗೋವಿಂದು ಎಂಬ ಚಿತ್ರಕಾರರ ದುಡಿಮೆಯಿದೆ. ವೈಟನು ಒಂದು ಆರ್ಕಿಡ್ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟನು. ಮುಂದಿನ ಶಾಸ್ತ್ರಜ್ಞರು ಆ ಕುಲವನ್ನು ಮತ್ತೊಂದರಲ್ಲಿ ಸೇರಿಸಿದ್ದರಿಂದ ಆ ಹೆಸರು ಈಗ ಬಳಕೆಯಲ್ಲಿಲ್ಲವಾದರೂ, ಸಂಗ್ರಾಹಕನು ಚಿತ್ರಕಾರನಿಗೆ ಸಲ್ಲಿಸಿದ ಗೌರವವಾಗಿ ಅದು ಸ್ಮರಣೀಯ.

ನಮ್ಮ ನಾಡಿಗೆ ಹತ್ತಿರವಾದ ಉದಾಹರಣೆ ಶಿವಮೊಗ್ಗೆಯದು. 1840ರ ದಶಕದಲ್ಲಿ ಮೈಸೂರು ಕಮಿಷನ್ನಿನ ವೈದ್ಯಾಧಿಕಾರಿಯಾಗಿ ಅಲ್ಲಿದ್ದ ಹ್ಯೂ ಕ್ಲೆಗ್‌ಹಾರ್ನನು ದಿನಕ್ಕೊಂದು ಗಿಡವನ್ನು ಅಭ್ಯಸಿಸುವ ನಿಯಮವನ್ನಿಟ್ಟುಕೊಂಡು, ಒಬ್ಬ ಮರಾಠ ಚಿತ್ರಕಾರನಿಂದ ಮಲೆನಾಡಿನ ಸಸ್ಯಗಳ ಚಿತ್ರಗಳನ್ನು ಬರೆಯಿಸಿದನು. ಅವು ಇಂದು ಎಡಿನ್‌ಬರೋ ನಗರದ ರಾಜೋದ್ಯಾನದಲ್ಲಿ ಸುರಕ್ಷಿತವಾಗಿವೆ. ಗಿಡಗಳ ಹೆಸರು ಉಳಿದಿದೆ, ಬರೆಯಿಸಿದವನ ಹೆಸರು ಉಳಿದಿದೆ. ಬರೆದವನು ಮರಾಠನೆಂಬುದಷ್ಟೇ ಉಳಿದಿದೆ. ಇದೇ ಕ್ಲೆಗ್‌ಹಾರ್ನನು 1856ರಲ್ಲಿ ಮದ್ರಾಸ್ ಪ್ರಾಂತದ ಮೊದಲ ಅರಣ್ಯ ಸಂರಕ್ಷಕನಾಗಿ, ಮಲೆಗಳ ಕುಮರಿ ಬೇಸಾಯವನ್ನು ವಿರೋಧಿಸಿದನು. ಚಿತ್ರಗಳಿಗೂ ಈ ನೀತಿಗೂ ಕಾರ್ಯಕಾರಣ ಸಂಬಂಧವನ್ನು ನಾವು ಕಲ್ಪಿಸುವುದಿಲ್ಲ. ಆದರೆ ಒಂದು ಮಾತನ್ನು ಹೇಳಬಹುದು. ಬಿಳಿಯ ಕಾಗದದ ಮೇಲಿನ ಗಿಡದ ಸುತ್ತ ಕಾಡಿಲ್ಲ, ಕಾಡಿನ ನಡುವೆ ರಾಗಿ ಬಿತ್ತಿದವರಿಲ್ಲ, ಆ ಗಿಡವನ್ನು ಮದ್ದಿಗೋ ಅಡುಗೆಗೋ ಕಿತ್ತವರಿಲ್ಲ. ಈ ಚಿತ್ರಗಳನ್ನು ಮಾತ್ರ ನಂಬಿ ಅಂದಿನ ಮಲೆನಾಡನ್ನು ಊಹಿಸಿಕೊಂಡವನಿಗೆ ಜನರಿಲ್ಲದ ಒಂದು ನಾಡು ಕಂಡೀತು.

ಹಾಗಾದರೆ ಭೂದೃಶ್ಯ ಚಿತ್ರಗಳಲ್ಲಿ ಈ ಕೊರತೆ ನೀಗುತ್ತದೆಯೆ? ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ರಾಬರ್ಟ್ ಹೋಮನು ಬೆಂಗಳೂರು, ಸಾವನದುರ್ಗ, ಶಿವಗಂಗೆ ಮೊದಲಾದ ಸ್ಥಳಗಳನ್ನು ಅಲ್ಲಲ್ಲಿಯೇ ನಿಂತು ಬರೆದುಕೊಂಡನು. 1794ರಲ್ಲಿ ಲಂಡನಿನಲ್ಲಿ ಅವು ಕೆತ್ತನೆಯ ಫಲಕಗಳಾಗಿ ಪ್ರಕಟವಾದುವು. ಇಲ್ಲಿ ಸ್ಥಳವಿದೆ, ಬೆಟ್ಟದ ಗಾತ್ರವಿದೆ, ಕೋಟೆಯ ರೂಪವಿದೆ. ಆದರೆ ಬೆಂಗಳೂರಿನ ಕೋಟೆ 1791ರ ಮಾರ್ಚಿಯಲ್ಲಿಯೂ ಸಾವನದುರ್ಗ ಅದೇ ವರ್ಷದ ಡಿಸೆಂಬರಿನಲ್ಲಿಯೂ ಆ ಸೈನ್ಯದ ವಶವಾದುವೆಂಬುದನ್ನು ಮರೆಯಲಾಗದು. ಸೈನ್ಯ ನಡೆದ ದಾರಿಯೇ ಚಿತ್ರಕಾರನ ದಾರಿ. ಸೈನ್ಯ ತಂಗಿದ ದಿನಗಳೇ ಆತನು ಬರೆಯಲು ದೊರೆತ ದಿನಗಳು. ಕೋಟೆಯೊಳಗಿದ್ದವನಿಗೆ ಅದೇ ಬೆಟ್ಟ ಹೇಗೆ ಕಂಡಿತೆಂಬುದಕ್ಕೆ ಈ ಗ್ರಂಥದಲ್ಲಿ ಉತ್ತರವಿಲ್ಲ. ಬಯಲಿನಲ್ಲಿ ಬರೆದ ರೇಖೆಗಳು ಲಂಡನಿನ ಕೆತ್ತನೆಗಾರರ ಕೈಯಿಂದ ಹಾದುಬಂದುವೆಂಬುದೂ ಗಮನಾರ್ಹ.

ಸ್ಥಳವನ್ನೂ ಸಸ್ಯವನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಲು ಯತ್ನಿಸಿದವಳು ಇಂಗ್ಲೆಂಡಿನ ಮೇರಿಯಾನ್ ನಾರ್ತ್. ಈಕೆ ದೇಶದೇಶಗಳನ್ನು ಸುತ್ತಿ, 1877ರಿಂದ 1879ರವರೆಗೆ ಭಾರತದಲ್ಲಿಯೂ ಸಂಚರಿಸಿ, ತೈಲವರ್ಣದಲ್ಲಿ ಬರೆದ 800ಕ್ಕೂ ಹೆಚ್ಚು ಚಿತ್ರಗಳು 1882ರಲ್ಲಿ ತೆರೆದ ಕ್ಯೂ ಉದ್ಯಾನದ ಚಿತ್ರಶಾಲೆಯಲ್ಲಿವೆ. ಹೂವಿನ ಹಿಂದೆ ಬೆಟ್ಟ, ನೀರು, ಹಳ್ಳಿಗಳು ಆಕೆಯ ಚಿತ್ರಗಳಲ್ಲಿ ಕಾಣುತ್ತವೆ. ಬೋರ್ನಿಯೋದ ಸರವಾಕ್ ಪ್ರಾಂತದಲ್ಲಿ ಆಕೆ ಬರೆದ ಹೂಜಿಗಿಡದ ಚಿತ್ರವನ್ನು ನೋಡಿದ ಮೇಲೆಯೇ ಆ ಗಿಡವನ್ನು ಹುಡುಕಿಸಿ ತರಿಸಲಾಯಿತು. 1881ರಲ್ಲಿ ಜೋಸೆಫ್ ಹೂಕರನು ಅದಕ್ಕೆ ಆಕೆಯ ಹೆಸರನ್ನಿಟ್ಟನು. ಆದರೆ ಆ ಹೂಜಿಗಳನ್ನು ಕಾಡಿನಿಂದ ಕಿತ್ತು ಆಕೆಯ ಬಳಿಗೆ ತಂದವನು ಬೇರೊಬ್ಬನು. ಅಂದಮೇಲೆ ಸ್ಥಳಕ್ಕೆ ಪ್ರಾಧಾನ್ಯ ಕೊಟ್ಟ ಕಲಾವಿದೆಯ ವಿಷಯದಲ್ಲಿಯೂ ನಾವು ಎತ್ತಿದ ಪ್ರಶ್ನೆ ತಪ್ಪಲಿಲ್ಲ.

ಇಷ್ಟರಿಂದ ಈ ಚಿತ್ರಗಳ ಬೆಲೆ ಕಡಿಮೆಯಾಯಿತೆಂದು ಯಾರೂ ಭಾವಿಸಬೇಕಾದುದಿಲ್ಲ. ಶಾಸನವು ಕೂಟವೆಂದು ತಿಳಿದರೆ ಅದರ ಸಾಕ್ಷ್ಯ ಬಿದ್ದುಹೋಗುತ್ತದೆ. ಚಿತ್ರವು ಜೋಡಣೆಯೆಂದು ತಿಳಿದರೆ ಅದರ ಸಾಕ್ಷ್ಯ ಬೀಳುವುದಿಲ್ಲ, ಸ್ಪಷ್ಟವಾಗುತ್ತದೆ. ಹಕ್ಕಿಯ ಕೊಕ್ಕಿನ ಬಣ್ಣಕ್ಕೆ ಜೈನುದ್ದೀನನು ಸಾಕ್ಷಿ. ಆ ಹಕ್ಕಿಯ ನೆಲೆಗೆ ಸಾಕ್ಷಿಯಲ್ಲ. ಬೆಟ್ಟದ ಮೈಕಟ್ಟಿಗೆ ಹೋಮನು ಸಾಕ್ಷಿ. ಬೆಟ್ಟದ ಜನರ ಬಾಳಿಗೆ ಸಾಕ್ಷಿಯಲ್ಲ. ಯಾವ ಸಾಕ್ಷಿಯಿಂದ ಯಾವ ಪ್ರಶ್ನೆಗೆ ಉತ್ತರ ಕೇಳಬಹುದೆಂಬ ವಿವೇಕವೇ ಇಲ್ಲಿ ಬೇಕಾದುದು.

ಬರೆದ ಕೈಯ ಪ್ರಶ್ನೆ ಇನ್ನೊಂದು ಬಗೆಯದು. ಅದು ಸಾಕ್ಷ್ಯದ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು. ಇಂಪೆ ಸಂಗ್ರಹದ ಹಾಳೆಗಳಲ್ಲಿ ಚಿತ್ರಕಾರರ ಹೆಸರು ಬರೆದಿದ್ದರೂ ಸಂಗ್ರಹ ಪ್ರಸಿದ್ಧವಾದದ್ದು ಒಡತಿಯ ಹೆಸರಿನಿಂದ. ಈ ಬಗೆಯ ಕೃತಿಗಳಿಗೆಲ್ಲ ‘ಕಂಪನಿ ಶೈಲಿ’ ಎಂಬ ಒಂದೇ ಚೀಟಿ ಅಂಟಿಸುವ ರೂಢಿಯಿಂದ ವ್ಯಕ್ತಿಗಳು ಮರೆಯಾದರು. 2019ರ ಡಿಸೆಂಬರಿನಲ್ಲಿ ಲಂಡನಿನ ವ್ಯಾಲೇಸ್ ಸಂಗ್ರಹಾಲಯದಲ್ಲಿ ಪ್ರಾರಂಭವಾದ ಪ್ರದರ್ಶನವು ಈ ಚಿತ್ರಕಾರರನ್ನು ಅವರವರ ಹೆಸರಿನಿಂದ ಮುಂದಿಟ್ಟಿತು. ಇದು ಸ್ತುತ್ಯವಾದ ಕಾರ್ಯ. ಆದರೆ ಹೆಸರು ದಾಖಲೆಯಾದವರಿಗೆ ಮಾತ್ರ ಆ ಭಾಗ್ಯ. ಶಿವಮೊಗ್ಗೆಯ ಮರಾಠನಿಗೆ ಅದು ಇಲ್ಲ.

ಆದುದರಿಂದ, ನಿಸರ್ಗದಿಂದ ಬರೆದುದೆಂದು ಹೇಳುವ ಪ್ರತಿಯೊಂದು ಚಿತ್ರದ ವಿಷಯದಲ್ಲಿಯೂ ನಾಲ್ಕು ಅಂಶಗಳನ್ನು ನಮ್ಮ ಗ್ರಂಥಾಲಯಗಳ ಮತ್ತು ವಸ್ತುಸಂಗ್ರಹಾಲಯಗಳ ಪಟ್ಟಿಗಳು ಬೇರೆಬೇರೆಯಾಗಿ ನಮೂದಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ವಸ್ತು ಎಲ್ಲಿಂದ ಬಂದಿತು, ಯಾರು ತಂದರು, ಎಲ್ಲಿ ಕುಳಿತು, ಎಂದು ಬರೆಯಲಾಯಿತು, ಬರೆದವರು ಯಾರು. ತಿಳಿಯದ ಅಂಶವನ್ನು ಖಾಲಿ ಬಿಡಲಿ. ಆದರೆ ಅದಕ್ಕೊಂದು ಸ್ಥಾನವಂತೂ ಇರಲಿ. ಖಾಲಿ ಸ್ಥಾನವನ್ನು ಕಂಡ ಮುಂದಿನ ಸಂಶೋಧಕನಿಗೆ ಹುಡುಕಬೇಕಾದುದು ಏನೆಂಬುದಾದರೂ ತಿಳಿಯುತ್ತದೆ.