ಕುಷ್ಠಕ್ಕೆ ರಕ್ತದ ಸಾಕ್ಷ್ಯ

ಪುಣೆಯ ದಕ್ಷಿಣಪಾರ್ಶ್ವದಲ್ಲಿ, ಒಂದು ಕಾಲಕ್ಕೆ ಬರಿಯ ಹಳ್ಳಿಯಾಗಿದ್ದು ಈಗ ಬಹುಮಹಡಿ ಕಟ್ಟಡಗಳ ನಡುವೆ ತನ್ನ ಹಳ್ಳಿತನದ ಗುರುತನ್ನೇ ಕಳೆದುಕೊಂಡಿರುವ ಕೊಂಢವಾದಲ್ಲಿ, ಡಾ. ಬಂದೋರವಾಲಾ ಅವರ ಹೆಸರನ್ನು ಹೊತ್ತ ಕುಷ್ಠರೋಗದ ಆಸ್ಪತ್ರೆಯೊಂದುಂಟು. ಈ ವ್ಯಾಧಿಯವರು ಕಣ್ಣಿಗೆ ಬೀಳದಿರಲೆಂಬ ಎಣಿಕೆಯಿಂದ ಇಂತಹ ಆಲಯಗಳನ್ನು ಊರಾಚೆ ಕಟ್ಟಿಸುವುದು ಹಿಂದಿನವರ ವಾಡಿಕೆ. ಊರುಗಳೇ ಬೆಳೆದು ಬಂದು ಅವುಗಳ ಗೋಡೆಗೆ ಒರಗಿ ನಿಂತಿರುವುದು ನಮ್ಮ ಕಾಲದ ವಿನೋದ. ಆ ಸೀಮೆಯ ಮರಾಠಿಯಲ್ಲಿ ಈ ವ್ಯಾಧಿಗೆ ‘ಮಹಾರೋಗ’ವೆಂದು ಹೆಸರು, ನಮ್ಮ ಕಡೆಯ ಹಳಬರೂ ‘ದೊಡ್ಡ ರೋಗ’ವೆಂದು ಹೇಳಿ, ಅದರ ನಿಜನಾಮವನ್ನು ಬಾಯಿಗೆ ತಾರದೆ ಸುಮ್ಮನಾಗುತ್ತಿದ್ದರು.

ಇಂತಹ ಯಾವ ಆಸ್ಪತ್ರೆಯಲ್ಲಿ ನೋಡಿದರೂ ರೋಗನಿರ್ಣಯದ ಸಾಮಗ್ರಿ ಎಷ್ಟು ಅಲ್ಪವೆಂಬುದು ಮೊದಲು ಕಣ್ಣಿಗೆ ಹೊಡೆಯುತ್ತದೆ. ಮಾಸಲು ಬಣ್ಣದ ಮಚ್ಚೆಗೆ ಹತ್ತಿಯ ಎಳೆಯನ್ನೋ ಲೇಖನಿಯ ತುದಿಯನ್ನೋ ತಾಕಿಸಿ, ರೋಗಿ ಕಣ್ಣು ಮುಚ್ಚಿಕೊಂಡಿರುವಾಗ, ಎಲ್ಲಿ ಮುಟ್ಟಿದ್ದೆಂದು ಕೇಳುವುದು. ಮೊಳಕೈಯ ಹಿಂಬದಿಯಲ್ಲಿ ಬೆರಳಾಡಿಸಿ ನರವು ಹಗ್ಗದಂತೆ ದಪ್ಪವಾಗಿದೆಯೇ ಎಂದು ತಡವುವುದು. ಕಿವಿಯ ಹಾಲೆಯನ್ನು ತುಸು ಗೀರಿ ತೆಗೆದ ರಸವನ್ನು ಗಾಜಿಗೆ ಸವರಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ಕೆಂಪು ಕಡ್ಡಿಗಳನ್ನು ಎಣಿಸುವುದು — ಇಷ್ಟೆ. ಇವುಗಳಲ್ಲಿ ಮೊದಲನೆಯದು ಬಹು ಪುರಾತನ. ತ್ವಚೆಯ ಸ್ಪರ್ಶಜ್ಞಾನ ಲೋಪವಾಗುವುದನ್ನು ಸುಶ್ರುತಸಂಹಿತೆಯೇ ಕುಷ್ಠಲಕ್ಷಣಗಳಲ್ಲಿ ಹೇಳಿದೆ. ಕ್ಷಯಕ್ಕೆ ಎಕ್ಸ್‌ರೇಯೂ ಮಧುಮೇಹಕ್ಕೆ ಒಂದು ಹನಿ ರಕ್ತವೂ ಸಾಕ್ಷಿ ನುಡಿಯುವ ಕಾಲದಲ್ಲಿ ಕುಷ್ಠಕ್ಕೆ ಮಾತ್ರ ಇನ್ನೂ ಹತ್ತಿಯ ಎಳೆಯೇ ಗತಿಯೆ? ಈ ಪ್ರಶ್ನೆಯಿಂದ ಹುಟ್ಟಿದ ನಾಲ್ಕು ದಶಕಗಳ ಪ್ರಯತ್ನವನ್ನು ಇಲ್ಲಿ ತೂಗಿನೋಡಬೇಕೆಂದಿದ್ದೇನೆ.

ಪ್ರಯತ್ನದ ಹಾದಿಯಲ್ಲಿ ಮೊದಲ ಅಡ್ಡಿ ಸ್ವತಃ ಕುಷ್ಠವನ್ನು ತರುವ ದಂಡಾಣುವೇ. ನಾರ್ವೆಯ ಬರ್ಗೆನ್ ನಗರದಲ್ಲಿ ಹ್ಯಾನ್ಸೆನ್ ಅದನ್ನು ಕಂಡುಕೊಂಡದ್ದು 1873ರಲ್ಲಿ. ಅಂದಿನಿಂದ ಇಂದಿನವರೆಗೆ ಪ್ರಯೋಗಶಾಲೆಯ ಯಾವ ಕೃತಕ ಆಹಾರದಲ್ಲಿಯೂ ಅದು ಬೆಳೆಯಲೊಲ್ಲದು. ಎರಡಾಗಿ ಒಡೆಯಲು ಅದಕ್ಕೆ ಹನ್ನೆರಡು ಹದಿನಾಲ್ಕು ದಿನ ಬೇಕು. 1960ರಲ್ಲಿ ಶೆಪರ್ಡ್ ಇಲಿಯ ಪಾದದಲ್ಲಿ ಅದನ್ನು ಬೆಳೆಸಿದನು. 1971ರಲ್ಲಿ, ಮೈ ತಣ್ಣಗಿರುವ ಅಮೆರಿಕದ ಆರ್ಮಡಿಲೊ ಎಂಬ ಚಿಪ್ಪುಮೈಯ ಪ್ರಾಣಿಯಲ್ಲಿ ಅದು ಹುಲುಸಾಗಿ ಬೆಳೆಯುವುದು ತಿಳಿದುಬಂತು. ಆ ಪ್ರಾಣಿಯ ಯಕೃತ್ತಿನಿಂದ ಶೇಖರಿಸಿದ ದಂಡಾಣುಗಳ ಹೊರಮೈಯಲ್ಲಿ ‘ಫೀನಾಲಿಕ್ ಗ್ಲೈಕೊಲಿಪಿಡ್-1’ ಎಂಬ, ಕೊಬ್ಬು ಸಕ್ಕರೆಗಳು ಹೆಣೆದುಕೊಂಡ ವಸ್ತುವೊಂದು ಹೇರಳವಾಗಿರುವುದನ್ನು ಬ್ರೆನನ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಬಿಡಿಸಿ ತೋರಿಸಿದರು. ಅದರ ಕೊನೆಯ ಸಕ್ಕರೆಯ ರಚನೆ ಈ ದಂಡಾಣುವಿಗೆ ವಿಶಿಷ್ಟವಾದುದು; ಆ ಸಕ್ಕರೆಯನ್ನು ರಸಾಯನಶಾಲೆಯಲ್ಲಿಯೇ ತಯಾರಿಸಬಹುದಾದುದರಿಂದ ಆ ವಸ್ತುವಿನ ವಿರುದ್ಧ ದೇಹವು ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆಯು ಆರ್ಮಡಿಲೊವಿನ ಹಂಗಿನಿಂದ ಬಿಡುಗಡೆ ಪಡೆಯಿತು. ಇದು ನಿಸ್ಸಂದೇಹವಾಗಿ ಸುಂದರವಾದ ವಿಜ್ಞಾನ. ನರಗಳನ್ನು ಪೊರೆಯುವ ಶ್ವಾನ್ ಕೋಶಗಳಿಗೆ ದಂಡಾಣು ಅಂಟಿಕೊಳ್ಳುವುದೂ ಇದೇ ವಸ್ತುವಿನ ನೆರವಿನಿಂದಲೇ ಎಂಬುದು 2000ದಲ್ಲಿ ಗೊತ್ತಾದಾಗ ಅದರ ಸೊಗಸು ಇಮ್ಮಡಿಸಿತು: ಕಳ್ಳನು ಬಾಗಿಲು ತೆರೆದ ಕೀಲಿಕೈಯೇ ಅವನ ಗುರುತಿಗೂ ಒದಗಿದಂತಾಯಿತು.

ಆದರೆ ಸೊಗಸು ಬೇರೆ, ಉಪಯುಕ್ತತೆ ಬೇರೆ. ಕುಷ್ಠವು ಒಂದೇ ರೋಗವಾಗಿ ಕಾಣಿಸಿದರೂ ಅದಕ್ಕೆ ಎರಡು ಧ್ರುವಗಳುಂಟು. ರಿಡ್ಲಿ ಮತ್ತು ಜಾಪ್ಲಿಂಗ್ 1966ರಲ್ಲಿ ಅವುಗಳ ನಡುವಣ ಮೆಟ್ಟಿಲುಗಳನ್ನೂ ಗುರುತಿಸಿದರು. ಒಂದು ಕೊನೆಯಲ್ಲಿ ದೇಹದ ಕೋಶಗಳೇ ದಂಡಾಣುವಿನೊಡನೆ ಕಾದಾಡುತ್ತವೆ. ದಂಡಾಣುಗಳು ಅತ್ಯಲ್ಪ, ರಕ್ತದಲ್ಲಿ ಪ್ರತಿಕಾಯಗಳೂ ಅಲ್ಪ, ಆದರೆ ಆ ಕಾದಾಟದಲ್ಲಿಯೇ ನರ ಸುಟ್ಟುಹೋಗುತ್ತದೆ. ಇನ್ನೊಂದು ಕೊನೆಯಲ್ಲಿ ಕೋಶಗಳು ಕೈಚೆಲ್ಲುತ್ತವೆ. ದಂಡಾಣುಗಳು ಕೋಟ್ಯನುಕೋಟಿಯಾಗುತ್ತವೆ, ಪ್ರತಿಕಾಯಗಳು ರಕ್ತದಲ್ಲಿ ತುಂಬಿ ತುಳುಕುತ್ತವೆ, ಫಲವಂತೂ ಶೂನ್ಯ. ಪ್ರತಿಕಾಯವನ್ನು ಅಳೆಯುವ ಪರೀಕ್ಷೆ ಯಾರ ಬಳಿ ಗಟ್ಟಿಯಾಗಿ ಮಾತನಾಡೀತೆಂದು ಬೇರೆ ಹೇಳಬೇಕಾಗಿಲ್ಲ. ಬಹುದಂಡಾಣುವಿನ ರೋಗಿಗಳಲ್ಲಿ ಅದು ನೂರಕ್ಕೆ 80ರ ಆಸುಪಾಸಿನಲ್ಲಿ ಸರಿಯುತ್ತರ ಕೊಡುವುದುಂಟು. ಅಲ್ಪದಂಡಾಣುವಿನವರಲ್ಲಿ ಅರ್ಧದಷ್ಟನ್ನು ಮುಟ್ಟುವುದೂ ಅಪೂರ್ವ. ಮೊದಲಿನವರ ರೋಗವನ್ನೋ, ಕಿವಿಯ ಹಾಲೆಯ ಗೀರೊಂದೇ ಹೇಳಿಬಿಡುತ್ತದೆ. ಎಲ್ಲಿ ಸಾಕ್ಷ್ಯ ಯಥೇಚ್ಛವಾಗಿದೆಯೋ ಅಲ್ಲಿ ಇನ್ನೊಂದು ಸಾಕ್ಷ್ಯವನ್ನು ತಂದೊಪ್ಪಿಸಿ, ಎಲ್ಲಿ ವೈದ್ಯನು ಅನುಮಾನದಲ್ಲಿ ತೊಳಲುತ್ತಿರುವನೋ ಅಲ್ಲಿ ಮೂಕವಾಗುವ ಸಾಕ್ಷಿಯನ್ನು ಯಾವ ನ್ಯಾಯಸ್ಥಾನವಾದರೂ ಮೆಚ್ಚೀತೆ?

ಸುಧಾರಣೆಗಳು ಬಂದಿಲ್ಲವೆಂದಲ್ಲ. 2001ರಲ್ಲಿ ದಂಡಾಣುವಿನ ಜೀನೋಮ್ ಪೂರ್ಣವಾಗಿ ಓದಲ್ಪಟ್ಟ ಮೇಲೆ (ಆ ತಳಿ ತಮಿಳುನಾಡಿನ ರೋಗಿಯಿಂದ ಬಂದುದು) ಅದರ ಪ್ರೋಟೀನುಗಳನ್ನು ಆರಿಸಿ ತೆಗೆಯುವುದು ಸಾಧ್ಯವಾಯಿತು. ಸಿಯಾಟಲ್‌ನ ಸಂಶೋಧಕರು ಎರಡು ಪ್ರೋಟೀನುಗಳನ್ನು ಬೆಸೆದು, ಅದಕ್ಕೆ ಹಳೆಯ ಸಕ್ಕರೆಯನ್ನೂ ಜೋಡಿಸಿ ಪ್ರತಿಕಾಯವನ್ನು ಹಿಡಿಯುವ ಹೊಸ ಪ್ರತಿಜನಕವನ್ನು ಮಾಡಿದರು. ಫಲವೆಂದರೆ, ಚೆನ್ನಾಗಿ ಕೇಳಿಸುತ್ತಿದ್ದ ಕಡೆ ಇನ್ನಷ್ಟು ಚೆನ್ನಾಗಿ ಕೇಳಿಸಿತು. ಮೌನದ ಕಡೆ ಮೌನ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಪ್ರತಿಜನಕವನ್ನು ಎಷ್ಟು ಉಜ್ಜಿದರೂ ರಕ್ತದಲ್ಲಿ ಇಲ್ಲದ ಪ್ರತಿಕಾಯ ಹುಟ್ಟಲಾರದು. ಈ ಮರ್ಮವನ್ನು ಗ್ರಹಿಸಿ ಬೇರೆ ದಾರಿ ಹಿಡಿದವರು ನೆದರ್ಲೆಂಡ್ಸ್‌ನ ಲೈಡನ್ ನಗರದ ಗೆಲುಕ್ ಮತ್ತು ಅವರ ಸಂಗಡಿಗರು. ಪ್ರತಿಕಾಯದ ಜೊತೆಗೆ, ದೇಹವು ಕಾದಾಟದಲ್ಲಿ ಹೊರಚೆಲ್ಲುವ ತನ್ನದೇ ಪ್ರೋಟೀನುಗಳನ್ನೂ ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಕಾಗದದ ಪಟ್ಟಿಯ ಮೇಲೆ ಅಳೆಯುವುದು ಅವರ ಕ್ರಮ. ಇಷ್ಟು ವರ್ಷಗಳಲ್ಲಿ ರೋಗದ ಎರಡು ಮುಖಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಯೋಚನೆ ಇದೆಂದು ನನಗೆ ತೋರುತ್ತದೆ. ಆದರೆ ಆ ಪ್ರೋಟೀನುಗಳು ಬೇರೆ ಉರಿಯೂತಗಳಲ್ಲಿಯೂ ಏರುವುದರಿಂದ, ಒಂದೊಂದನ್ನೂ ಬಿಡಿಯಾಗಿ ನಂಬುವಂತಿಲ್ಲ.

ಇನ್ನು ಲೆಕ್ಕದ ಮಾತು. ಭಾರತವು 2005ರ ಡಿಸೆಂಬರಿನಲ್ಲಿ ಕುಷ್ಠವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯ ಮಟ್ಟದಿಂದ ಇಳಿಸಿದ್ದಾಗಿ ಸಾರಿತು. ಎಂದರೆ, 10,000 ಜನರಿಗೆ ಒಬ್ಬ ರೋಗಿಗಿಂತ ಕಡಮೆ. ಆದರೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂದಿಗೂ ನಮ್ಮವರೇ. ನೂರು ನಿರೋಗಿಗಳಲ್ಲಿ 98 ಮಂದಿಯನ್ನು ನಿರೋಗಿಗಳೆಂದೇ ಸರಿಯಾಗಿ ಹೇಳುವ ಪರೀಕ್ಷೆಯೊಂದಿದೆಯೆಂದು ಭಾವಿಸೋಣ, ಅದೇನು ಕಳಪೆಯದಲ್ಲ. ಅದನ್ನು 10,000 ಜನರಿರುವ ಒಂದು ಬಡಾವಣೆಯಲ್ಲಿ ನಡೆಸಿದರೆ, ನಿಜವಾದ ಒಬ್ಬ ರೋಗಿಯ ಜೊತೆಗೆ ಸುಮಾರು 200 ಮಂದಿ ನಿರಪರಾಧಿಗಳ ಮೇಲೂ ಅದು ಬೆರಳು ತೋರಿಸುತ್ತದೆ. ರಕ್ತದೊತ್ತಡದ ಪರೀಕ್ಷೆ ಹೀಗೆ ತಪ್ಪಿದರೆ ನಾಲ್ಕು ದಿನದ ಕಳವಳ. ಇಲ್ಲಿ ತಪ್ಪಿದರೆ ಮದುವೆ ಮುರಿಯುತ್ತದೆ, ಬಾಡಿಗೆಯ ಮನೆ ಹೋಗುತ್ತದೆ. 1898ರ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿವಾಹವಿಚ್ಛೇದನಕ್ಕೆ ಕಾರಣಗಳ ಪಟ್ಟಿಯಿಂದ ತೆಗೆದದ್ದು 2019ರಲ್ಲಿ. ಕೊಂಢವಾದಿಂದ ದೂರವಲ್ಲದ ಯೆರವಡಾ ಸೆರೆಮನೆಯಲ್ಲಿ ಗಾಂಧೀಜಿಯ ಸಹಬಂದಿಯಾಗಿದ್ದ ಪರಚುರೆ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಅವರ ವಿದ್ವತ್ತು ಅವರ ರೋಗದ ಹೆಸರನ್ನು ಮರೆಸಲಿಲ್ಲ, ಕೊನೆಗೆ ಸೇವಾಗ್ರಾಮದಲ್ಲಿ ಗಾಂಧೀಜಿಯೇ ಅವರ ವ್ರಣಗಳನ್ನು ತೊಳೆಯಬೇಕಾಯಿತು. ಪರೀಕ್ಷೆಗಳನ್ನು ಹೊಗಳುವ ಪ್ರಬಂಧಗಳಲ್ಲಿ ಈ ಬಗೆಯ ನಷ್ಟಕ್ಕೆ ಪ್ರತ್ಯೇಕ ಕೋಷ್ಟಕವಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ತನ್ನ 2018ರ ಮಾರ್ಗಸೂಚಿಯಲ್ಲಿ, ರೋಗಲಕ್ಷಣವಿಲ್ಲದ ಸಂಪರ್ಕಿಗಳಲ್ಲಿ ಸೋಂಕನ್ನು ಕಂಡುಹಿಡಿಯಲು ಯಾವ ಪರೀಕ್ಷೆಯನ್ನೂ ಶಿಫಾರಸು ಮಾಡದೆ ಬಿಟ್ಟದ್ದು ಸೋಮಾರಿತನವಲ್ಲ, ವಿವೇಕ. ಅದೇ ಮಾರ್ಗಸೂಚಿ ರೋಗಿಯ ಮನೆಯವರಿಗೂ ನೆರೆಯವರಿಗೂ, ರಕ್ತವನ್ನು ನೋಡದೆಯೇ, ರಿಫಾಂಪಿಸಿನ್‌ನ ಒಂದು ಪ್ರಮಾಣವನ್ನು ಒಂದೇ ಬಾರಿ ಕೊಡಲು ಹೇಳಿತು. ಬಾಂಗ್ಲಾದೇಶದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಈ ಕ್ರಮ ಮೊದಲ ಎರಡು ವರ್ಷಗಳಲ್ಲಿ ಹೊಸ ರೋಗಿಗಳನ್ನು ನೂರಕ್ಕೆ 57ರಷ್ಟು ಕಡಮೆ ಮಾಡಿತ್ತು. ಎಲ್ಲರಿಗೂ ಔಷಧ ಕೊಡುವಾಗ ಯಾರಿಗೆ ಸೋಂಕಿದೆಯೆಂದು ಕೇಳುವ ಅಗತ್ಯವೇ ಇಲ್ಲವಷ್ಟೆ. ಹಾಗಿದ್ದರೆ ರಕ್ತಪರೀಕ್ಷೆಗೆ ಕೆಲಸವೇನು?

ಕೆಲಸವಿದೆ, ಆದರೆ ಅದು ರೋಗನಿರ್ಣಯವಲ್ಲ. ಆ ಒಂದು ಬಾರಿಯ ಔಷಧ ಯಾರನ್ನು ಕಾಪಾಡದೆ ಹೋಯಿತೋ ಅವರಲ್ಲಿ, ಒಳಗೆ ದಂಡಾಣುಗಳು ಆಗಲೇ ಬೆಳೆದುಬಿಟ್ಟಿದ್ದವರು ಕೆಲವರಿರಬೇಕು. ಅವರ ರಕ್ತದಲ್ಲಿ ಪ್ರತಿಕಾಯ ಏರಿರುವ ಸಂಭವ ಹೆಚ್ಚು. ಬಹುದಂಡಾಣುವಿನ ಕಡೆಗೇ ವಾಲುವ ಈ ಪರೀಕ್ಷೆಯ ದೋಷವೇ ಇಲ್ಲಿ ಗುಣವಾಗುತ್ತದೆ, ಏಕೆಂದರೆ ಹುಡುಕಬೇಕಾದವರೂ ಅವರೇ. ಸಂಪರ್ಕಿಗಳಲ್ಲಿ ಪ್ರತಿಕಾಯ ಹೆಚ್ಚಿದ್ದವನಿಗೆ ‘ನಿನಗೆ ರೋಗವಿದೆ’ ಎನ್ನದೆ, ಒಂದರ ಬದಲು ಹೆಚ್ಚು ಬಾರಿ ಔಷಧ ಕೊಟ್ಟು, ವರ್ಷಕ್ಕೊಮ್ಮೆ ಕರೆದು ಮೈ ನೋಡಬಹುದು. ಚಿಕಿತ್ಸೆ ಮುಗಿಸಿದವನ ಪ್ರತಿಕಾಯ ಇಳಿಯುತ್ತಿದೆಯೆ, ಮತ್ತೆ ಏರುತ್ತಿದೆಯೆ ಎಂದು ಗಮನಿಸಬಹುದು. ಅಲ್ಪದಂಡಾಣುವಿನ ರೋಗಿಯ ಮುಂದೆ ಕುಳಿತ ಕೊಂಢವಾದ ವೈದ್ಯನು ಮಾತ್ರ ಇಷ್ಟೆಲ್ಲದರ ನಡುವೆಯೂ ಹತ್ತಿಯ ಎಳೆಯನ್ನು ಕೈಗೆತ್ತಿಕೊಂಡು, ಕಣ್ಣು ಮುಚ್ಚಿಕೊಳ್ಳಿರೆಂದು ಹೇಳಬೇಕಾಗುತ್ತದೆ.