ನಗೆಗೆ ಗಡಿ ಉಂಟೆ?

ಇಂಗ್ಲೆಂಡಿನ ಟಿ.ವಿ. ಹಾಸ್ಯ ಅಮೆರಿಕದವರಿಗೆ ಹಿಡಿಸುತ್ತದೆಯೇ ಎಂಬುದು ಹಳೆಯ ವಾದ. ಭಾಷೆ ಒಂದೇ ಆದರೂ ಅಮೆರಿಕದವರು ಎಷ್ಟೋ ಸಲ ಸರಕನ್ನು ಹಾಗೇ ಇಳಿಸಿಕೊಳ್ಳದೆ, ತಮ್ಮ ನಟರನ್ನು ಹಾಕಿ ಮತ್ತೆ ಮಾಡಿಕೊಂಡರು. 1965ರ 'ಟಿಲ್ ಡೆತ್ ಅಸ್ ಡು ಪಾರ್ಟ್' 1971ರಲ್ಲಿ 'ಆಲ್ ಇನ್ ದಿ ಫ್ಯಾಮಿಲಿ' ಆಯಿತು. 2001ರ 'ದಿ ಆಫೀಸ್'ನ ಕಾಗದದ ಕಂಪನಿ ಸ್ಲೌ ಊರಿನಿಂದ ಸ್ಕ್ರ್ಯಾಂಟನ್‌ಗೆ ವರ್ಗವಾಗಿ, 2005ರಿಂದ 2013ರ ತನಕ ನಡೆಯಿತು.

ಊರು ಬಿಟ್ಟು ಬಂದ ನಮಗೂ ಈ ಪ್ರಶ್ನೆ ಹೊಸದಲ್ಲ. ಪರೇಲಿನ ಚಾಳುಗಳಲ್ಲಿ ಮರಾಠಿ, ಮಾಲ್ವಣಿ, ತುಳು, ಕನ್ನಡ ಎಲ್ಲ ಕೇಳಿದವರಿಗೆ ಗೊತ್ತು: ಪಕ್ಕದ ಮನೆಯವರು ನಕ್ಕಾಗ ನಮಗೆ ಅರ್ಥವಾಗದಿದ್ದರೆ, ನಮ್ಮನ್ನೇ ನೋಡಿ ನಗುತ್ತಿದ್ದಾರೇನೋ ಅಂತ ಅನುಮಾನ ಬರುತ್ತದೆ.

ದೂರದರ್ಶನದಲ್ಲಿ 1993ರಲ್ಲಿ ಶುರುವಾದ 'ಜಬಾನ್ ಸಂಭಾಲ್ ಕೇ'ಯನ್ನು ಈ ದೃಷ್ಟಿಯಿಂದ ನೋಡಬೇಕು. ಅದು 1977ರ ಬ್ರಿಟಿಷ್ ಧಾರಾವಾಹಿ 'ಮೈಂಡ್ ಯುವರ್ ಲ್ಯಾಂಗ್ವೇಜ್'ನ ನಮ್ಮ ರೂಪ. ಅಲ್ಲಿ ಪರದೇಶದವರು ಲಂಡನ್ನಿನಲ್ಲಿ ಇಂಗ್ಲಿಷ್ ಕಲಿಯುತ್ತಾರೆ. ಇಲ್ಲಿ ಪಂಕಜ್ ಕಪೂರ್ ಮೇಷ್ಟರ ಹತ್ತಿರ ಹಿಂದಿ. ಒಂದೊಂದು ದೇಶದವರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಅವಮಾನಿಸುತ್ತದೆ ಎಂಬ ಕಾರಣಕ್ಕೆ ಮೂಲವನ್ನು 1979ರಲ್ಲಿ ನಿಲ್ಲಿಸಿದರು. ನಮ್ಮಲ್ಲಿ ಅದೇ ಸಾಮಾನು ಸಲೀಸಾಗಿ ನಡೆಯಿತು. ಏಕೆ? ಇಲ್ಲಿ ಕ್ಲಾಸಿಗೆ ಕ್ಲಾಸೇ ತಪ್ಪು ಹಿಂದಿ ಆಡುತ್ತದೆ. ಟಾಮ್ ಆಲ್ಟರರ ಇಂಗ್ಲಿಷ್ ಸಾಹೇಬನೂ ಅಷ್ಟೆ, ವಿಜು ಖೋಟೆಯವರ ಮರಾಠಿ ಗೃಹಸ್ಥನೂ ಅಷ್ಟೆ. 'ಪಡೋಸನ್' (1968) ಚಿತ್ರದಲ್ಲಿ ಮೆಹಮೂದರ ಮದರಾಸಿ ಸಂಗೀತದ ಮೇಷ್ಟರು ಒಬ್ಬಂಟಿ. ಅದನ್ನು ನೋಡಿ ನಾವು ನಗುತ್ತೇವೆ ನಿಜ, ಆದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ.

2001ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಬಂದ 'ಜೀ ಮಂತ್ರೀಜಿ' ಬಿಬಿಸಿಯ 'ಯೆಸ್ ಮಿನಿಸ್ಟರ್'ನ ಹಿಂದಿ ರೂಪ. ಫಾರೂಕ್ ಶೇಖ್ ಮಂತ್ರಿ, ಜಯಂತ್ ಕೃಪಲಾನಿ ಕಾರ್ಯದರ್ಶಿ. ಮೂಲದ ಕಾರ್ಯದರ್ಶಿಯ ಉದ್ದುದ್ದ ವಾಕ್ಯ ಕೇಳಿದರೆ, ಬ್ಯಾಂಕಿನಲ್ಲಿ ಕಡತ ಹೊತ್ತ ನನ್ನಂಥವನಿಗೆ ಹೆಡ್ ಆಫೀಸಿನ ಸರ್ಕ್ಯುಲರ್ ಓದಿದಷ್ಟೇ ಮಜಾ. ಆದರೆ ನಮ್ಮ ಮಂತ್ರಿಗಳು ಅಷ್ಟು ಬಡಪಾಯಿಗಳಲ್ಲ. ಕಾರ್ಯದರ್ಶಿಯನ್ನೇ ರಾತ್ರೋರಾತ್ರಿ ಎತ್ತಂಗಡಿ ಮಾಡಿಸುವವರು. ವೇಷ ಇಲ್ಲಿಯದು, ಅಧಿಕಾರದ ಲೆಕ್ಕ ಲಂಡನ್ನಿನದು. ನಟರು ಒಳ್ಳೆಯವರಾದರೂ ಅದು ಪೂರ್ತಿ ಒಗ್ಗದಿದ್ದದ್ದು ಇದಕ್ಕೇ.

ಇದಕ್ಕೆ ಎದುರಾಗಿ ಪರೇಲಿಗೆ ಹತ್ತಿರದ ಉದಾಹರಣೆ ಒಂದಿದೆ. ಗಿರಣಿ ಕಾರ್ಮಿಕರ ಈ ಪ್ರದೇಶದಲ್ಲಿ 1922ರಲ್ಲಿ ಎದ್ದ ದಾಮೋದರ ನಾಟ್ಯಗೃಹ, 2023ರಲ್ಲಿ ಮರುನಿರ್ಮಾಣಕ್ಕೆಂದು ಮುಚ್ಚುವ ತನಕ, ಕೊಂಕಣದವರ ನಾಟಕ, ದಶಾವತಾರಗಳಿಗೆ ಹೆಸರಾಗಿತ್ತು. ಅದೇ ಜನರ ಮಾಲ್ವಣಿಯಲ್ಲಿ ಗಂಗಾರಾಮ ಗವಾಣಕರ್ ಬರೆದು, ಮಚ್ಛಿಂದ್ರ ಕಾಂಬಳಿ ಆಡಿದ 'ವಸ್ತ್ರಹರಣ' 1980ರಲ್ಲಿ ರಂಗಕ್ಕೆ ಬಂತು. ಹಳ್ಳಿಯವರು ದ್ರೌಪದಿಯ ಕಥೆ ಆಡಹೊರಟು ಪಡುವ ಫಜೀತಿಯೇ ವಸ್ತು. ಮಾತನ್ನು ಪುಣೆಯ ಮರಾಠಿಗೆ ತಿದ್ದಲಿಲ್ಲ. ಸಾವಿರಾರು ಪ್ರಯೋಗ ಆದವು. ಮಂಡ್ಯ ಕಡೆಯವನಿಗೂ ಇದು ತಟ್ಟೀತು. ಊರಹಬ್ಬದ ನಾಟಕದಲ್ಲಿ ದುರ್ಯೋಧನ ಮಾತು ಮರೆತು ನಿಂತದ್ದನ್ನು ಅವನೂ ಕಂಡವನೇ ತಾನೆ?

ಅಂದರೆ ನಗೆ ದಾಟಲು ಭಾಷೆಯ ಪರಿಚಯಕ್ಕಿಂತ ಬದುಕಿನ ಪರಿಚಯ ಹೆಚ್ಚು ಬೇಕು. ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ತಿಳಿದರೂ ಕೈಲಾಸಂ ನಾಟಕಕ್ಕೆ ನಗು ತಡವಾಗಿ ಬರುತ್ತದೆ, ಮರಾಠಿ ನಾಟಕಕ್ಕೆ ಥಟ್ಟನೆ ಬರುತ್ತದೆ. ಊರಿನವರು ಇದನ್ನು ಅಭಿಮಾನಶೂನ್ಯತೆ ಅಂತ ಬೈಯಬಾರದು. ಬೆಂಗಳೂರಿನ ಹಾಸ್ಯವನ್ನು ಡಬ್ಬಿ ಕಟ್ಟಿ ಕಳಿಸಿದರೂ ಸಾಲದು. ಲೋಕಲ್ ರೈಲು, ಚಾಳಿನ ನಲ್ಲಿ, ಪಗಡಿ ಮನೆಯ ಜಗಳ ಗೊತ್ತಿದ್ದವರು ಇಲ್ಲಿಯೇ ಕೂತು ಕನ್ನಡದಲ್ಲಿ ಬರೆಯಬೇಕು. ಇಲ್ಲದಿದ್ದರೆ ನಮ್ಮ ಮನೆಗಳಲ್ಲಿ ಕನ್ನಡ ಊಟಕ್ಕೆ ಕರೆಯುವ, ಗದರುವ ಭಾಷೆಯಾಗಿ ಉಳಿದೀತು. ನಗುವುದಕ್ಕೆ ಮಕ್ಕಳು ಪಕ್ಕದ ಮನೆಗೆ ಹೋಗುತ್ತಾರೆ.