ಕ್ಯಾಮೆರಾದ ‘ಬೀಪ್’ ಎಷ್ಟು ನಂಬಲರ್ಹ?

ವರ್ನಿಯರ್ ಕ್ಯಾಲಿಪರ್ಸ್ ಕೈಗೆತ್ತಿಕೊಂಡ ಪಿಯುಸಿ ವಿದ್ಯಾರ್ಥಿಗೆ ನಾವು ಮೊದಲು ಹೇಳುವ ಮಾತು ‘ಝೀರೊ ಎರರ್ ನೋಡು’ ಎಂಬುದು. ದವಡೆಗಳು ಕೂಡಿದಾಗ ಉಪಕರಣ ಸೊನ್ನೆ ತೋರಿಸದಿದ್ದರೆ ಆ ವ್ಯತ್ಯಾಸವನ್ನು ಪ್ರತಿ ಅಳತೆಯಲ್ಲೂ ಸರಿಪಡಿಸಿಕೊಳ್ಳಬೇಕು. ಪ್ರಯೋಗಶಾಲೆಯ ಈ ಸಣ್ಣ ಉಪಕರಣಕ್ಕಿರುವ ನಿಯಮ ಹತ್ತಾರು ಸಾವಿರ ರೂಪಾಯಿಯ ಡಿಜಿಟಲ್ ಕ್ಯಾಮೆರಾಗೆ ಏಕಿಲ್ಲ? ಅದರ ಆಟೊಫೋಕಸ್ ಕೂಡ ಅಳೆಯುವ ಉಪಕರಣವೇ ಅಲ್ಲವೆ?

ಹಿರೇಕೆರೂರಿನಂಥ ತಾಲ್ಲೂಕು ಕೇಂದ್ರದಲ್ಲಿ ಮದುವೆಯ ಫೋಟೊ ತೆಗೆಯುವವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಅಕ್ಷತೆ ಬೀಳುವ ಕ್ಷಣಕ್ಕೆ ಗುಂಡಿ ಒತ್ತುತ್ತಾರೆ. ‘ಬೀಪ್’ ಸದ್ದು ಬರುತ್ತದೆ, ಹಸಿರು ದೀಪ ಹೊತ್ತುತ್ತದೆ. ಆಲ್ಬಂ ಮಾಡುವಾಗ ನೋಡಿದರೆ ವಧುವಿನ ಕಣ್ಣು ಮಸುಕು, ಕಿವಿಯ ಓಲೆ ಸ್ಪಷ್ಟ! ಬೈಸಿಕೊಳ್ಳುವವರು ಫೋಟೊಗ್ರಾಫರ್. ‘ಕೈ ಅಲುಗಿತು’ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಆದರೆ ಕೈ ಅಲುಗಿದ್ದರೆ ಓಲೆಯೂ ಮಸುಕಾಗಬೇಕಿತ್ತು. ಇಲ್ಲಿ ತಪ್ಪಿರುವುದು ನಾಭೀಕರಣ.

ಹೀಗೇಕಾಗುತ್ತದೆ? ಕನ್ನಡಿಯುಳ್ಳ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮಸೂರದಿಂದ ಬಂದ ಬೆಳಕಿನ ಒಂದು ಪಾಲು ಮುಖ್ಯ ಕನ್ನಡಿಯ ಅರೆಪಾರಕ ಭಾಗದ ಮೂಲಕ ಹಾದು, ಹಿಂದಿರುವ ಪುಟ್ಟ ಕನ್ನಡಿಗೆ ಬಡಿದು, ತಳದಲ್ಲಿರುವ ಫೋಕಸ್ ಸಂವೇದಕವನ್ನು ಸೇರುತ್ತದೆ. ಮಸೂರದ ಎರಡು ಅಂಚುಗಳಿಂದ ಬಂದ ಬಿಂಬಗಳ ನಡುವಿನ ಅಂತರವನ್ನು ನೋಡಿ, ಮಸೂರ ಯಾವ ಕಡೆಗೆ ಎಷ್ಟು ಸರಿಯಬೇಕೆಂದು ಕ್ಯಾಮೆರಾ ಲೆಕ್ಕಹಾಕುತ್ತದೆ. ಅನಂತರ ಕನ್ನಡಿ ಮೇಲೇಳುತ್ತದೆ, ಬೆಳಕು ಚಿತ್ರ ಮೂಡಿಸುವ ಸಂವೇದಕದ ಮೇಲೆ ಬೀಳುತ್ತದೆ. ಅಂದರೆ ಅಳತೆ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಎರಡು ದಾರಿಗಳ ಉದ್ದ ಸಮವಾಗಿದ್ದರೆ ಮಾತ್ರ ಬೀಪ್ ಸದ್ದು ನಿಜ ಹೇಳುತ್ತದೆ.

ಎಷ್ಟು ಸಮವಾಗಿರಬೇಕು? ಸಂವೇದಕದ ಮೇಲೆ 0.02 ಮಿ.ಮೀ.ವರೆಗಿನ ಮಸುಕನ್ನು ಕಣ್ಣು ಸಹಿಸುತ್ತದೆ ಎಂದುಕೊಳ್ಳೋಣ. ಎಫ್/1.8 ದ್ವಾರದಲ್ಲಿ ಬಿಂಬ ಹಿಂದೆ ಮುಂದೆ ಸರಿಯಲು ಇರುವ ಅವಕಾಶ 1.8 × 0.02 = 0.036 ಮಿ.ಮೀ., ಅಂದರೆ ತಲೆಗೂದಲಿನ ಸುಮಾರು ಅರ್ಧ ದಪ್ಪ. ಎಫ್/8ರಲ್ಲಿ ಇದೇ ಅವಕಾಶ 0.16 ಮಿ.ಮೀ. ಫ್ಲ್ಯಾಶ್ ಬಳಸಿ ಎಫ್/8ರಲ್ಲಿ ಚಿತ್ರ ತೆಗೆಯುವವರಿಗೆ ಕಾಣದ ದೋಷ, ಮಂದ ಬೆಳಕಿನಲ್ಲಿ ದ್ವಾರ ಅಗಲಿಸಿದೊಡನೆ ಕಾಣುವುದು ಇದಕ್ಕೇ.

ಇಲ್ಲಿಯೇ ಜಾಹೀರಾತುಗಳ ಮೇಲೆ ನಮ್ಮ ಮೊದಲ ಆಕ್ಷೇಪ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸಂವೇದಕದಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು 0.004 ಮಿ.ಮೀ. ಅಷ್ಟು ಸೂಕ್ಷ್ಮ ವಿವರ ನಿಜಕ್ಕೂ ಬೇಕೆಂದರೆ ಸಹಿಸಬಹುದಾದ ಮಸುಕು ಎರಡು ಪಿಕ್ಸೆಲ್ ದಾಟಬಾರದು. ಆಗ 0.036 ಮಿ.ಮೀ. ಅವಕಾಶ 0.015ರ ಆಸುಪಾಸಿಗೆ ಕುಗ್ಗುತ್ತದೆ. ಮೆಗಾಪಿಕ್ಸೆಲ್ ಹೆಚ್ಚಿದಂತೆ ಫೋಕಸ್ ಇನ್ನಷ್ಟು ನಿಖರವಾಗಬೇಕು. ಮೊದಲನೆಯದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವವರು ಎರಡನೆಯದರ ಬಗ್ಗೆ ಬಾಯಿಬಿಡುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಈ ಝೀರೊ ಎರರ್ ಅನ್ನು ಸರಿಪಡಿಸುವ ‘ಮೈಕ್ರೊ ಅಡ್ಜಸ್ಟ್‌ಮೆಂಟ್’ ಎಂಬ ಸೌಲಭ್ಯ ಉಂಟು. ಅದು ಮೆನುವಿನ ಒಂದು ಸಾಲು, ಅಷ್ಟೆ. ಆದರೆ ಆರಂಭಿಕ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಸಾಮಾನ್ಯವಾಗಿ ಅದನ್ನು ಕೊಟ್ಟಿಲ್ಲ. ಕ್ಯಾನನ್ ಕಂಪನಿ 2008ರ 50ಡಿ ಮಾದರಿಯಲ್ಲಿ ಕೊಟ್ಟಿದ್ದನ್ನು 2010ರ 60ಡಿಯಲ್ಲಿ ತೆಗೆದುಹಾಕಿತು, 2013ರ 70ಡಿಯಲ್ಲಿ ಮತ್ತೆ ಕೊಟ್ಟಿತು. ಬೆಲೆ ಹೆಚ್ಚಿದ ಮಾತ್ರಕ್ಕೆ ದೋಷ ಇಲ್ಲವಾಗುವುದೂ ಇಲ್ಲ: ಅದೇ ಕಂಪನಿಯ ದುಬಾರಿ 1ಡಿ ಮಾರ್ಕ್ 3 ಮಾದರಿಯಲ್ಲಿ 2007ರಲ್ಲಿ ಫೋಕಸ್ ತೊಂದರೆ ಕಾಣಿಸಿಕೊಂಡು, ಒಳಗಿನ ಪುಟ್ಟ ಕನ್ನಡಿಯ ಜೋಡಣೆಯನ್ನು ದುರಸ್ತಿ ಮಾಡಿಕೊಡಬೇಕಾಯಿತು. ದೋಷ ಎಲ್ಲ ದರ್ಜೆಯಲ್ಲೂ ಬರಬಹುದು, ತಿದ್ದುವ ಹಕ್ಕು ಮಾತ್ರ ಹೆಚ್ಚು ಹಣ ಕೊಟ್ಟವರಿಗೆ ಎಂಬ ಈ ಏರ್ಪಾಡನ್ನು ವಿಜ್ಞಾನ ಸಮರ್ಥಿಸುವುದಿಲ್ಲ.

‘ಈಗ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಬಂದಿವೆಯಲ್ಲ’ ಎನ್ನಬಹುದು. ನಿಜ. ಚಿತ್ರ ಮೂಡಿಸುವ ಸಂವೇದಕವೇ ಅಳತೆಯನ್ನೂ ಮಾಡುವುದರಿಂದ ಎರಡು ದಾರಿಗಳ ತಕರಾರು ಅಲ್ಲಿಲ್ಲ. ಆದರೆ ಅವಕ್ಕೂ ಮಿತಿಗಳಿವೆ. ಇಂಥ ಹಲವು ಕ್ಯಾಮೆರಾಗಳ ಫೋಕಸ್ ಪಿಕ್ಸೆಲ್‌ಗಳು ಬಿಂಬವನ್ನು ಎಡ-ಬಲವಾಗಿ ಮಾತ್ರ ಹೋಲಿಸುತ್ತವೆ. ಲಂಬ ಗೆರೆಗಳು ಅವಕ್ಕೆ ಚೆನ್ನಾಗಿ ಸಿಗುತ್ತವೆ, ಅಡ್ಡ ಗೆರೆಗಳು ಸಿಗುವುದಿಲ್ಲ. ಹಿರೇಕೆರೂರಿನ ನೆರೆಯ ತಾಲ್ಲೂಕಾದ ಹಾನಗಲ್ಲಿನ ತಾರಕೇಶ್ವರ ದೇವಾಲಯದಲ್ಲಿ ಕಡೆದು ನುಣುಪುಗೊಳಿಸಿದ ಚಾಲುಕ್ಯ ಕಂಬಗಳಿವೆ. ಅವುಗಳ ಸುತ್ತಲಿನ ಬಳೆಗಳೆಲ್ಲ ಅಡ್ಡ ಗೆರೆಗಳೇ. ಒಳಗೆ ಬೆಳಕೂ ಕಡಿಮೆ. ಮಸೂರ ಹಿಂದೆ ಮುಂದೆ ತಡಕಾಡತೊಡಗಿದರೆ ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ನೋಡಿ. ಕಂಬದ ಬಳೆಗಳು ಆಗ ಸಂವೇದಕಕ್ಕೆ ಲಂಬ ಗೆರೆಗಳಾಗುತ್ತವೆ!

ಕೈಪಿಡಿಗಳಲ್ಲಿ ಬರುವ ‘ಇವಿ −3ರಲ್ಲೂ ಫೋಕಸ್’ ಎಂಬ ಮಾತನ್ನೂ ಹೀಗೆಯೇ ಪರೀಕ್ಷಿಸಬೇಕು. ಇವಿ −3 ಎಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳು. ಆದರೆ ಕ್ಯಾನನ್‌ನ 6ಡಿ ಮಾದರಿಯಲ್ಲಿ (2012) ಈ ಅಂಕಿ ನಡುವಿನ ಒಂದೇ ಬಿಂದುವಿಗೆ, ಅದೂ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅನ್ವಯಿಸುತ್ತದೆ. ಮುಂದಿರುವ ವಸ್ತುವಿನಲ್ಲಿ ಕಪ್ಪು-ಬಿಳುಪಿನ ವ್ಯತ್ಯಾಸ ಎಷ್ಟಿರಬೇಕೆಂಬುದು ಆ ಅಂಕಿಯಲ್ಲಿಲ್ಲ. ಸುಣ್ಣ ಬಳಿದ ಗೋಡೆಯ ಮುಂದೆ, ನಡುಹಗಲಲ್ಲೂ ಆಟೊಫೋಕಸ್ ಸೋಲಬಹುದು.

ಹಾಗಾದರೆ ಬಳಕೆದಾರರು ಏನು ಮಾಡಬೇಕು? ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಸುಮಾರು ಎರಡು ಮೀಟರ್ ದೂರದಲ್ಲಿ ದಪ್ಪ ಅಕ್ಷರದ ರಟ್ಟನ್ನು ನೇರವಾಗಿ ನಿಲ್ಲಿಸಿ. ಪಕ್ಕದಲ್ಲಿ ಒಂದು ಸ್ಕೇಲನ್ನು, ಅದರ ನಡುಭಾಗ ರಟ್ಟಿನ ನೇರಕ್ಕೆ ಬರುವಂತೆ, ಕ್ಯಾಮೆರಾದ ಕಡೆಗೆ ಓರೆಯಾಗಿಡಿ. ದ್ವಾರವನ್ನು ಪೂರ್ತಿ ತೆರೆದು ರಟ್ಟಿನ ಮೇಲೆ ಫೋಕಸ್ ಮಾಡಿ, ಹತ್ತು ಚಿತ್ರ ತೆಗೆಯಿರಿ. ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಮಾಡಿ. ಸ್ಕೇಲಿನ ಸ್ಪಷ್ಟ ಗೆರೆ ಪ್ರತಿ ಸಲವೂ ರಟ್ಟಿನ ಮುಂದೆಯೇ, ಇಲ್ಲವೇ ಹಿಂದೆಯೇ ಇದ್ದರೆ ಅದು ಝೀರೊ ಎರರ್, ತಿದ್ದಬಹುದು. ಒಮ್ಮೆ ಮುಂದೆ ಒಮ್ಮೆ ಹಿಂದೆ ಚದುರಿದ್ದರೆ ಅದು ಯಾದೃಚ್ಛಿಕ ದೋಷ, ಮೆನುವಿನಿಂದ ತಿದ್ದಲಾಗದು. ತಿದ್ದುವ ಸೌಲಭ್ಯವಿಲ್ಲದ ಡಿಎಸ್‌ಎಲ್‌ಆರ್‌ನಲ್ಲಿ, ಬಿಂಬದಲ್ಲೇ ನೇರವಾಗಿ ಅಳೆಯುವ ‘ಲೈವ್ ವ್ಯೂ’ ವಿಧಾನ ನಿಧಾನವಾದರೂ ಹೆಚ್ಚು ನಿಖರ.

ಹೊಸ ಕ್ಯಾಮೆರಾಗಳ ಪರಿಚಯ ಬರೆಯುವವರು ಫೋಕಸ್ ಬಿಂದುಗಳನ್ನು ಎಣಿಸಿ ಮುಗಿಸುತ್ತಾರೆ. ಬಿಂದು ಎಷ್ಟಿವೆ ಎನ್ನುವುದಕ್ಕಿಂತ ಹತ್ತರಲ್ಲಿ ಎಷ್ಟು ಸಲ ಸರಿ, ತಪ್ಪಿದಾಗ ಎಷ್ಟು ತಪ್ಪು ಎಂಬುದು ಮುಖ್ಯ. ವಾರಂಟಿ ಮುಗಿಯುವ ಮೊದಲೇ ಈ ಹತ್ತು ಚಿತ್ರಗಳನ್ನು ತೆಗೆದಿಟ್ಟುಕೊಂಡ ಫೋಟೊಗ್ರಾಫರ್ ಸರ್ವಿಸ್ ಸೆಂಟರಿನಲ್ಲಿ ವಾದ ಮಾಡಬೇಕಿಲ್ಲ, ಚಿತ್ರಗಳನ್ನು ಮೇಜಿನ ಮೇಲಿಟ್ಟರೆ ಸಾಕು.